ಆತಿಥೇಯನ ಮೇಜು, ಕಂಬಂ ಕಣಿವೆಯ ಎಲೆ

ದಿಂಡಿಗಲ್ಲಿನಲ್ಲಿ ನಾವು ತಂಗಿದ್ದ ವಸತಿಗೃಹದ ಊಟದ ಪಟ್ಟಿಯಲ್ಲಿ ಎರಡು ವಿಚಿತ್ರ ಪದಗಳಿದ್ದವು. ಏಳನೆಯ ತರಗತಿಯ ನನ್ನ ಮಗಳು ಒಂದನ್ನು ‘ಅ ಲಾ ಕಾರ್ಟೆ’ ಎಂದು ಹೇಗೋ ಓದಿದಳು. ಇನ್ನೊಂದನ್ನು ‘ಟೇಬಲ್ ಡಿ ಹೋಟೆ’ ಎಂದು ಓದಿ, "ಅಪ್ಪಾ, ಹೋಟೆಲ್ ಎಂಬುದರಲ್ಲಿ ಕೊನೆಯ ಅಕ್ಷರ ಬಿಟ್ಟುಹೋಗಿದೆ" ಎಂದಳು. ಅವಳ ತಪ್ಪಿನೊಳಗೇ ಅರ್ಧ ಸತ್ಯವಿತ್ತು.

ಎರಡೂ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದಗಳು. ಎರಡನೆಯದರ ಉಚ್ಚಾರ ‘ತಾಬ್ಲ್ ದೋತ್’ ಎಂಬುದಕ್ಕೆ ಹತ್ತಿರ; ಅರ್ಥ ‘ಆತಿಥೇಯನ ಮೇಜು’. ಹಿಂದೆ ಛತ್ರದ ಯಜಮಾನನು ಒಂದೇ ಮೇಜಿನಲ್ಲಿ, ಒಂದೇ ಹೊತ್ತಿಗೆ, ಆ ದಿನ ಬೇಯಿಸಿದ್ದನ್ನು ಎಲ್ಲ ಪ್ರಯಾಣಿಕರಿಗೂ ಬಡಿಸುತ್ತಿದ್ದನು. 17ನೆಯ ಶತಮಾನದ ಆರಂಭದಲ್ಲಿಯೇ ಇಂಗ್ಲಿಷರು ಆ ಪದವನ್ನು ಬಳಸತೊಡಗಿದರು. ಕಾಲಕ್ರಮದಲ್ಲಿ ಮೇಜು ಮರೆಯಾಗಿ, ‘ಗೊತ್ತಾದ ಬೆಲೆಗೆ ಗೊತ್ತಾದ ಊಟ’ ಎಂಬ ಅರ್ಥವಷ್ಟೇ ಉಳಿಯಿತು. ಮೊದಲನೆಯದಾದ ‘ಆ ಲಾ ಕಾರ್ಟ್’ ಇಂಗ್ಲಿಷಿಗೆ ಬಂದುದು 19ನೆಯ ಶತಮಾನದ ಆರಂಭದಲ್ಲಿ. ಪಟ್ಟಿಯನ್ನು ನೋಡಿ, ಬೇಕಾದುದನ್ನು ಮಾತ್ರ ಬೇರೆ ಬೇರೆ ಬೆಲೆಗೆ ತರಿಸಿಕೊಳ್ಳುವುದು ಎಂದು ಅದರ ಅರ್ಥ.

ಮರುದಿನ ಬತ್ತಲಗುಂಡು, ಪೆರಿಯಕುಳಂ ದಾಟಿ ತೇನಿಗೆ ಬಂದೆವು. ಬಸ್ಸು ನಿಲ್ದಾಣದ ಬಳಿಯ ಖಾನಾವಳಿಯ ಮುಂದೆ ‘ಮೀಲ್ಸ್ ರೆಡಿ’ ಎಂಬ ಹಲಗೆ ತೂಗುತ್ತಿತ್ತು. ಬಾಳೆಯೆಲೆ ಹಾಸಿದರು, ಪಲ್ಯ, ಕೂಟು, ಹಪ್ಪಳ ಬಂದವು, ಅನ್ನಕ್ಕೆ ಸಾಂಬಾರು, ಆಮೇಲೆ ಸಾರು, ಕೊನೆಗೆ ಮಜ್ಜಿಗೆ. ಏನು ಬೇಕೆಂದು ಯಾರೂ ಕೇಳಲಿಲ್ಲ, ಸಾಕೆನ್ನುವವರೆಗೂ ಬಡಿಸಿದರು. "ಇದೇ ಅಲ್ಲವೇ ಆ ಮೇಜು?" ಎಂದಳು ಮಗಳು. ಅದೇ! ಸಂಜೆಯಾದರೆ ಅದೇ ಕೋಣೆಯಲ್ಲಿ ದೋಸೆ, ಪರೋಟ ಎಂದು ಹೆಸರು ಹೇಳಿ ತರಿಸಿಕೊಳ್ಳಬೇಕು. ಅದು ‘ಆ ಲಾ ಕಾರ್ಟ್’.

ತೇನಿಯಿಂದ ದಕ್ಷಿಣಕ್ಕೆ, ಚಿನ್ನಮನೂರು, ಉತ್ತಮಪಾಳಯಂ ಮಾರ್ಗವಾಗಿ ಕಂಬಂ ಸುಮಾರು 40 ಕಿಲೋಮೀಟರು. ಒಂದೆಡೆ ಪಶ್ಚಿಮಘಟ್ಟ, ನಡುವೆ ಬತ್ತದ ಹಸಿರು, ಮುಂದೆ ದ್ರಾಕ್ಷಿಯ ಚಪ್ಪರಗಳು. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದ ಸುರಂಗದಿಂದ ಇಳಿದು ಈ ಕಣಿವೆಯನ್ನು ತಣಿಸುತ್ತದೆ. ಇಲ್ಲಿಯ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಈ ತಳಿಯನ್ನು 1832ರಲ್ಲಿ ತಮಿಳುನಾಡಿಗೆ ತಂದವನು ಒಬ್ಬ ಫ್ರೆಂಚ್ ಪಾದ್ರಿ ಎಂದು ಹೇಳುತ್ತಾರೆ. ಹೊರಗಿನಿಂದ ಬಂದ ಬಳ್ಳಿ ಇಂದು ಊರಿನ ಹೆಸರಾಗಿದೆ.

ಹೊರಗಿನಿಂದ ಬಂದುದು ಬಳ್ಳಿ ಮಾತ್ರವಲ್ಲ. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಬಂದ ಕಪ್ಪಿಲಿಯರೆಂಬ ಒಕ್ಕಲು ಜನ ಈ ಕಣಿವೆಯಲ್ಲಿ ನೆಲೆಸಿದ್ದಾರೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಗ್ರಂಥವು ಇವರನ್ನು ಕನ್ನಡ ಮಾತಾಡುವ ಬೇಸಾಯಗಾರರೆಂದು ಗುರುತಿಸಿದೆ. ಕಂಬದಲ್ಲಿ ಇವರು ಸಾಕುವ ದೇವರ ದನದ ಹಿಂಡನ್ನು ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎನ್ನುತ್ತಾರೆ. ಕನ್ನಡದ ಹೆಸರು ‘ದೇವರು ಆವು’. ‘ಆವು’ ಎಂಬ ಹಳೆಯ ಮಾತು ನಮಗೆ ಪದಕೋಶದಲ್ಲಿ ಸಿಕ್ಕೀತು. ಇಲ್ಲಿ ಅದು ಕೊಟ್ಟಿಗೆಯಲ್ಲಿ ಉಳಿಯಿತು.

ದ್ರಾಕ್ಷಿ ತೋಟದ ಬಳಿ ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಒಬ್ಬ ಅಜ್ಜಿ ನಿಂತರು. ಅವರ ಮಾತಿನಲ್ಲಿ ತಮಿಳಿನ ರಾಗ; ಆದರೆ ಮಾತು ನಮ್ಮದೇ. "ಉಂಡು ಹೋಗಿ" ಎಂದರು. ಮಗಳು ತನ್ನ ಚೀಲದಲ್ಲಿದ್ದ ಕನ್ನಡ ಪಾಠಪುಸ್ತಕವನ್ನು ತೋರಿಸಿದಳು. ಅಜ್ಜಿ ಅಕ್ಷರಗಳ ಮೇಲೆ ಬೆರಳಾಡಿಸಿ, ತಮಗೆ ಓದಲು ಬಾರದು, ಮೊಮ್ಮಕ್ಕಳು ಮನೆಯಲ್ಲಿಯೂ ತಮಿಳನ್ನೇ ಆಡುತ್ತಾರೆ ಎಂದರು. ದೂರಿನ ದನಿಯಿರಲಿಲ್ಲ. ಮಗಳು ಒಂದು ಪುಟವನ್ನು ಓದಿ ಹೇಳಿದಳು. ಅಜ್ಜಿ ಕೊನೆಯವರೆಗೂ ಕೇಳಿದರು.

ಹಿಂದಿರುಗುವಾಗ ಮಗಳಿಗೆ ಉಳಿದರ್ಧ ಸತ್ಯವನ್ನು ಹೇಳಿದೆನು. ಫ್ರೆಂಚಿನ ‘ಓತ್’ ಎಂಬ ಪದಕ್ಕೂ ‘ಹೋಟೆಲ್’ ಎಂಬುದಕ್ಕೂ ಲ್ಯಾಟಿನ್ನಿನಲ್ಲಿ ಒಂದೇ ಮೂಲ. ಆ ‘ಓತ್’ ಆತಿಥೇಯನೂ ಹೌದು, ಅತಿಥಿಯೂ ಹೌದು. ಒಂದೇ ಪದಕ್ಕೆ ಎರಡೂ ಅರ್ಥ. "ಹಾಗಾದರೆ ಅಜ್ಜಿ ಯಾವುದು?" ಎಂದು ಅವಳು ಕೇಳಿದಳು. ಅತಿಥಿಗಳಾಗಿ ಬಂದವರ ಸಂತತಿ ಇಂದು ನಮ್ಮನ್ನು ಊಟಕ್ಕೆ ಕರೆಯಿತಲ್ಲವೇ ಎಂದೆನು.

ನಾವೂ ಪರರಾಜ್ಯದಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವವರು. ಶಾಲೆಯ ಮಾಧ್ಯಮವನ್ನು ಪಟ್ಟಿ ನೋಡಿ ಆರಿಸಬಹುದು. ಮನೆಯ ಮಾತು ಹಾಗಲ್ಲ, ಅದು ದಿನವೂ ಕೇಳದೆಯೇ ಎಲೆಗೆ ಬೀಳಬೇಕಾದ ಅನ್ನ. ಅಜ್ಜಿಗೆ ಮಾತಿತ್ತು, ಅಕ್ಷರವಿರಲಿಲ್ಲ. ನಮ್ಮ ಮಕ್ಕಳಿಗೆ ಅಕ್ಷರವಿದೆ. ಮಾತನ್ನು ಬಡಿಸುವ ಹೊಣೆ ನಮ್ಮದು.