ಒಟ್ಟಿಗೆ ಹೊಡೆದಾಡುವ ಸುಖ

ಆಟಿ ತಿಂಗಳ ಮಳೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಒಮ್ಮೆ ಹಿಡಿಯಿತೆಂದರೆ ಸುಲಭಕ್ಕೆ ಬಿಡುವ ಜಾತಿಯದ್ದಲ್ಲ. ಅಡಿಕೆಗೆ ಮದ್ದು ಬಿಡಬೇಕಾದವರು ಆಕಾಶ ನೋಡುತ್ತಾ ಜಗಲಿಯಲ್ಲಿ ಕೂತಿರುತ್ತಾರೆ, ಕುಮಾರಧಾರೆ ಕೆಂಪಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಲು ಓಡುತ್ತಿರುತ್ತದೆ, ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರಿರುತ್ತಾರೆ, ಮನೆ ತುಂಬ ಅಣ್ಣತಮ್ಮಂದಿರು, ಭಾವಂದಿರು, ಅತ್ತೆಯ ಮಕ್ಕಳು. ಇಂಥ ಮಧ್ಯಾಹ್ನಕ್ಕೆ ಹೇಳಿಮಾಡಿಸಿದವು ಎರಡು: ಒಂದು ಹಲಸಿನ ಹಪ್ಪಳ, ಇನ್ನೊಂದು, ಕರೆಂಟಿನ ಕೃಪಾಕಟಾಕ್ಷ ಇದ್ದರೆ, ನಾಲ್ಕು ಜನ ಒಂದೇ ಟಿವಿಯ ಮುಂದೆ ಕೂತು ರಾಕ್ಷಸರನ್ನು ಬಡಿಯುವ ವಿಡಿಯೋ ಗೇಮು. ಹಪ್ಪಳದ ಮಹಿಮೆ ಹೇಳುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ಎರಡನೆಯದರ ವಕಾಲತ್ತು ನನ್ನದು.

ಈ ಬಗೆಯ ಆಟಕ್ಕೆ ಬೀಟ್ ಎಮ್ ಅಪ್ ಎಂದು ಹೆಸರು. ಎಡದಿಂದ ಬಲಕ್ಕೆ ನಡೆಯುವುದು, ಎದುರು ಬಂದವರನ್ನು ಚಚ್ಚುವುದು, ಮತ್ತೆ ನಡೆಯುವುದು, ಶಾಸ್ತ್ರ ಇಷ್ಟೇ. ಜಪಾನಿನ ಸೆಗಾ ಕಂಪನಿ 1989ರಲ್ಲಿ ತಂದ ‘ಗೋಲ್ಡನ್ ಆ್ಯಕ್ಸ್’ನಲ್ಲಿ ಕತ್ತಿಯ ವೀರ, ವೀರವನಿತೆ, ಕೊಡಲಿ ಹಿಡಿದ ಗಡ್ಡದ ಕುಳ್ಳ, ಈ ಮೂವರಲ್ಲಿ ಇಬ್ಬರಾಗಿ ಡೆತ್ ಆ್ಯಡರ್ ಎಂಬ ದುಷ್ಟನ ಮೇಲೆ ದಂಡೆತ್ತಿ ಹೋಗಬೇಕು. ದಾರಿಯಲ್ಲಿ ಬೀಡುಬಿಟ್ಟ ರಾತ್ರಿ ಚೀಲ ಹೊತ್ತ ಪುಟಾಣಿ ಕಳ್ಳರು ಓಡಿಬರುತ್ತಾರೆ. ನೀಲಿಯವನನ್ನು ಒದ್ದರೆ ಮಂತ್ರಶಕ್ತಿಯ ಕುಡಿಕೆ, ಹಸಿರಿನವನನ್ನು ಒದ್ದರೆ ತಿನ್ನಲು ಮಾಂಸದ ತುಂಡು. ಧರ್ಮಸಂಕಟ ಶುರುವಾಗುವುದು ಇಲ್ಲಿಯೇ. ತುಂಡು ಒಂದು, ಜೀವ ಬತ್ತುತ್ತಿರುವವರು ಇಬ್ಬರು.

“ಭಾವ, ನೀವು ತೆಕ್ಕೊಳ್ಳಿ, ನಂದು ಇನ್ನೂ ಅರ್ಧ ಉಂಟು.”

“ಬೇಡ ಮಾರಾಯ, ನೀನೇ ತಿನ್ನು, ಮುಂದೆ ದೊಡ್ಡವ ಬರ್ತಾನೆ.”

ಅನ್ನದಾನದಲ್ಲಿ ಹೀಗೆ ಪೈಪೋಟಿ ನಡೆಸುವ ಭಾವಂದಿರೇ ಮುಂದಿನ ಗಳಿಗೆಯಲ್ಲಿ ಅಸ್ಥಿಪಂಜರಗಳ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಈ ಆಟದಲ್ಲಿ ನಮ್ಮ ಕತ್ತಿ ಸಂಗಡಿಗನಿಗೂ ತಾಗುತ್ತದೆ. ಹಾಗಾಗಿ ಶೌರ್ಯಕ್ಕೂ ಒಂದು ಅಳತೆ ಇರಬೇಕಾಗುತ್ತದೆ. ದೊಡ್ಡವರು ಎಷ್ಟು ಹೇಳಿದರೂ ಮಕ್ಕಳ ತಲೆಗೆ ಹೋಗದ ನೀತಿ ಇಲ್ಲಿ ಸಲೀಸಾಗಿ ಹೋಗುತ್ತದೆ.

ಇನ್ನು ಚಿತ್ರದ ವಿಚಾರ. 2008ರ ‘ಕ್ಯಾಸಲ್ ಕ್ರ್ಯಾಶರ್ಸ್’ನ ದೊಡ್ಡ ತಲೆಯ ಬಣ್ಣಬಣ್ಣದ ಯೋಧರು ಚಿತ್ರಕಾರ ಡ್ಯಾನ್ ಪಲಾಡಿನ್ ಕೈಯಿಂದ ಬಂದವರು. 2013ರ ‘ಡ್ರ್ಯಾಗನ್ಸ್ ಕ್ರೌನ್’ ಅಂತೂ ವರ್ಣಚಿತ್ರಗಳ ಮಹಾಸಂಪುಟ. ಇಂಥ ಕೈಯಲ್ಲಿ ಬರೆದ ರಾಕ್ಷಸರು ಕಂಡೊಡನೆ ನನ್ನ ಮನಸ್ಸು ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಗೆ ಓಡುತ್ತದೆ. ಹರಕೆಯ ಆಟಕ್ಕೆ ಕಟೀಲು ಮೇಳ ಬಂದ ರಾತ್ರಿ, ಹಿರಿಯರ ಕಣ್ಣು ತಪ್ಪಿಸಿ ಮೂಲೆಯಲ್ಲಿ ಕೂತು ನಾನು ನೋಡಿದ್ದು ಬಣ್ಣದ ವೇಷದ ಮುಖ ಬೆಳೆಯುವುದನ್ನು. ಕಲಾವಿದರು ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಕೆನ್ನೆಯ ಮೇಲೆ ಒಂದೊಂದೇ ಮುಳ್ಳು ಎಬ್ಬಿಸುತ್ತಿದ್ದರು. ಒಂದು ಸಾಲು ಒಣಗಿದ ಮೇಲೆ ಇನ್ನೊಂದು ಸಾಲು, ಗಂಟೆಗಟ್ಟಲೆ. ಅದೇ ಮುಖ ದೊಂದಿಯ ಬೆಳಕಿನಲ್ಲಿ ಮಹಿಷಾಸುರನಾಗಿ, ಆರ್ಭಟ ಕೊಡುತ್ತಾ ಸಭೆಯ ನಡುವಿನಿಂದ ನುಗ್ಗಿದಾಗ ನಾನು ದೊಡ್ಡಮ್ಮನ ಸೆರಗಿಗೆ ಅಂಟಿಕೊಂಡೆ, ಆದರೆ ಕಣ್ಣು ಮುಚ್ಚಲಿಲ್ಲ. ಆ ಮುಳ್ಳುಗಳು ಹುಟ್ಟುವಾಗಲೇ ನಾನು ಕಂಡಿದ್ದೆನಲ್ಲ! ಮನುಷ್ಯನ ಕೈ ತಾಳ್ಮೆಯಿಂದ ಮಾಡಿದ ಭಯಕ್ಕೆ ಒಂದು ಸೊಗಸಿದೆ. ಅದು ಹೆದರಿಸುತ್ತದೆ, ಜೊತೆಗೆ ನೋಡು ಎಂದು ಕರೆಯುತ್ತದೆ.

‘ಡ್ರ್ಯಾಗನ್ಸ್ ಕ್ರೌನ್’ನ ನಿರ್ದೇಶಕ ಜಾರ್ಜ್ ಕಮಿಟಾನಿ ಈ ಸೊಗಸನ್ನು ಬಲ್ಲವರು. ಕ್ಯಾಪ್‌ಕಾಮ್‌ನಲ್ಲಿದ್ದಾಗ ಇದೇ ಜಾತಿಯ ‘ಟವರ್ ಆಫ್ ಡೂಮ್’ಗೆ ದುಡಿದಿದ್ದ ಅವರು, ಎಷ್ಟೋ ವರ್ಷಗಳ ಬಳಿಕ ತಮ್ಮದೇ ವೆನಿಲ್ಲಾವೇರ್ ಸಂಸ್ಥೆಯಲ್ಲಿ ಈ ಆಟ ಕಟ್ಟಿದರು. ಬರೆದ ಚಿತ್ರದ ತೋಳು, ತಲೆ, ಬಟ್ಟೆಯ ಮಡಿಕೆಗಳನ್ನು ಬೇರೆ ಬೇರೆ ಮಾಡಿ ಒಂದೊಂದನ್ನೂ ಅಲುಗಿಸುವುದು ಅವರ ವಿದ್ಯೆ. ಅದರಿಂದಾಗಿ ಸುಮ್ಮನೆ ನಿಂತ ಪಾತ್ರವೂ ಉಸಿರಾಡುತ್ತದೆ. ಒಂದು ಗುಹೆ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವೆ ಒಲೆ ಹಚ್ಚಿ, ನಾಲ್ವರೂ ಸೇರಿ ಅಡುಗೆ ಮಾಡಿ ಉಣ್ಣುವ ವಿರಾಮವೂ ಇದೆ. ಯುದ್ಧದ ನಡುವೆ ಸಹಪಂಕ್ತಿ ಭೋಜನ ಇಟ್ಟವರ ಮೇಲೆ ನನಗೆ ವಿಶೇಷ ಗೌರವ.

ಒಟ್ಟಿಗೆ ಬಡಿಯುವ ಕಥೆ ನಮಗೆ ಹೊಸತೂ ಅಲ್ಲ. ‘ದೇವೀಮಹಾತ್ಮೆ’ ಯಕ್ಷಗಾನ ಬೆಳಗಿನವರೆಗೆ ಕೂತು ನೋಡಿದವರಿಗೆ ರಕ್ತಬೀಜ ಗೊತ್ತು. ಅವನ ನೆತ್ತರಿನ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಇನ್ನೊಬ್ಬ ರಕ್ತಬೀಜ ಏಳುತ್ತಾನೆ, ಹೊಡೆದಷ್ಟೂ ಹೆಚ್ಚುತ್ತಾನೆ. ಸರ್ವಶಕ್ತಳಾದ ದೇವಿಗೂ ಅಲ್ಲಿ ಜೊತೆ ಬೇಕಾಯಿತು: ಅವಳು ಹೊಡೆಯಬೇಕು, ಕಾಳಿ ಬಾಯಿ ತೆರೆದು ಹನಿ ನೆಲಕ್ಕೆ ಬೀಳದಂತೆ ಕುಡಿಯಬೇಕು. ಒಬ್ಬರು ಹೊಡೆಯುವವರು, ಒಬ್ಬರು ತಡೆಯುವವರು. ಟಿವಿಯ ಮುಂದೆ ಕೂತ ಮಕ್ಕಳು “ನೀನು ಆಚೆಯವರನ್ನು ಹಿಡಿ, ನಾನು ಈಚೆ ನೋಡ್ತೇನೆ” ಎಂದು ಕೂಗುವಾಗ ಅದೇ ಯುದ್ಧನೀತಿ ಮಾತಾಡುತ್ತದೆ.

ಆದರೆ ಈ ಆಟಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಂದು ಚಿಕ್ಕ ಕಟ್ಟಳೆ. ಎಲ್ಲರೂ ಇರುವುದು ಒಂದೇ ಪರದೆಯಲ್ಲಿ. ಒಬ್ಬ ಎಡದ ಅಂಚಿನಲ್ಲಿ ಉಳಿದುಬಿಟ್ಟರೆ ಮುಂದಿನವರು ಎಷ್ಟು ತಳ್ಳಿದರೂ ದಾರಿ ಸರಿಯುವುದಿಲ್ಲ. ಆರು ವರ್ಷದ ಪುಟ್ಟ ತಂಗಿ ಯಾವುದೋ ಕಂಬವನ್ನು ಒದೆಯುತ್ತಾ ನಿಂತಿದ್ದರೆ ಮೂವರು ಮಹಾಶೂರರೂ ಕಾಯಬೇಕು, ಬೇಕಾದರೆ ಹಿಂದೆ ಹೋಗಿ ಅವಳನ್ನು ಮುತ್ತಿದವರನ್ನು ಓಡಿಸಿ ಕರೆತರಬೇಕು. ತನಗಾಗಿ ದೊಡ್ಡವರು ನಿಂತರು ಎಂಬುದು ಮಗುವಿಗೆ ಸಣ್ಣ ಸಂಗತಿಯಲ್ಲ.

ಹಾಗಾಗಿ ಮುಂದಿನ ಮಳೆರಜೆಗೆ ಮಕ್ಕಳು ಒಂದೊಂದು ಮೊಬೈಲು ಹಿಡಿದು ಒಂದೊಂದು ಮೂಲೆ ಸೇರಿದರೆ, ಬೈಯಬೇಡಿ. ಇಂಥದ್ದೊಂದು ಆಟ ಹಾಕಿಸಿ, ಒಂದು ಕಂಟ್ರೋಲರ್ ನೀವೂ ಹಿಡಿದು ನಡುವೆ ಕೂತುಬಿಡಿ. ಯಾವ ಬಟನ್ ಯಾವುದಕ್ಕೆ ಎಂದು ಅವರೇ ಹೇಳಿಕೊಡುತ್ತಾರೆ. ನೀವು ಹಿಂದೆ ಉಳಿದರೆ ನಿಮಗಾಗಿ ನಿಲ್ಲುತ್ತಾರೆ. ನಿಲ್ಲದೆ ಅವರಿಗೂ ಮುಂದೆ ದಾರಿಯಿಲ್ಲ.