ಪಿಸ್ತೂಲಿನ ಒರೆ

ಸೈನ್ಯಾಧಿಕಾರಿಯ ಸೊಂಟದಲ್ಲಿರುವ ಪಿಸ್ತೂಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಕುಳಿತಿರುವ ಒರೆಯ ಕಡೆಗೆ ಗಮನ ಹರಿಯುವುದು ಕಡಿಮೆ. ಸೈನಿಕರು ಅದನ್ನು ಹೋಲ್‌ಸ್ಟರ್ ಎನ್ನುತ್ತಾರೆ. ಕತ್ತಿಗೆ ಒರೆ ಇರುವಂತೆ ಪಿಸ್ತೂಲಿಗೂ ಒಂದು ಒರೆ ಎಂದುಕೊಂಡರೆ ಸಾಕು. ಜೀವಮಾನವೆಲ್ಲ ಸಮಾಜ ವಿಜ್ಞಾನ ಪಾಠ ಹೇಳಿದ ನನಗೆ ಇದರ ಗೊಡವೆ ಏಕೆಂದು ನೀವು ಕೇಳಬಹುದು. ನಾನು ಶಾಲೆಯ ಎನ್.ಸಿ.ಸಿ. ಅಧಿಕಾರಿಯೂ ಆಗಿದ್ದೆ, ತರಬೇತಿಗೆಂದು ನಾಗಪುರದ ಬಳಿಯ ಕಾಂಪ್ಟಿಗೆ ಹೋಗಿ ಬಂದವನು. ಆದರೂ ನನ್ನ ಕೈಗೆ ಬಂದದ್ದು .22 ರೈಫಲು ಮಾತ್ರ. ಒರೆಯ ವಿಚಾರವನ್ನು ನನಗೆ ಕಲಿಸಿದವನು ನನ್ನ ವಿದ್ಯಾರ್ಥಿಯೇ.

ಸೋಮವಾರಪೇಟೆ ತಾಲ್ಲೂಕಿನ ಹುಡುಗ, ಎಡಚ. ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರು ಅವನ ಎಡಗೈಯನ್ನು ಚಡ್ಡಿಯ ಜೇಬಿನೊಳಗೆ ಇರಿಸಿ ಬಲಗೈಯಲ್ಲಿಯೇ ಬರೆಸುತ್ತಿದ್ದರಂತೆ. ನನ್ನ ತರಗತಿಗೆ ಬರುವ ಹೊತ್ತಿಗೆ ಅವನ ಬರವಣಿಗೆ ಕಾಗೆ ಕಾಲು ಗುಬ್ಬಿ ಕಾಲಾಗಿತ್ತು. ಆದರೆ ಭೂಪಟ ಬಿಡಿಸುವಾಗ ಪೆನ್ಸಿಲು ತಾನಾಗಿ ಎಡಗೈಗೆ ದಾಟುತ್ತಿತ್ತು. ಕಾವೇರಿಯನ್ನು ತಲಕಾವೇರಿಯಿಂದ ಪೂಂಪುಹಾರಿನವರೆಗೆ ಒಂದೇ ಗೆರೆಯಲ್ಲಿ ಇಳಿಸುತ್ತಿದ್ದ. ಯಾವ ಕೈ ಒಪ್ಪುತ್ತದೆಯೋ ಅದರಲ್ಲಿಯೇ ಬರೆ ಎಂದು ಹೇಳಿದ್ದೆ.

ಮುಂದೆ ಅವನು ಸೈನ್ಯದಲ್ಲಿ ಅಧಿಕಾರಿಯಾದ. 1990ರ ದಶಕದಲ್ಲಿ ಕಾಶ್ಮೀರದಿಂದ ರಜೆಯ ಮೇಲೆ ಬಂದಾಗ ನಮ್ಮ ಜಗಲಿಯಲ್ಲಿ ಕುಳಿತು ನಗುತ್ತಾ ಹೇಳಿದ: “ಸ್ಲೇಟು ಬಿಟ್ಟು ಎಷ್ಟು ವರ್ಷ ಆಯ್ತು ಮೇಷ್ಟ್ರೇ, ಬಲಗೈ ಮಾತ್ರ ನನ್ನ ಬೆನ್ನು ಬಿಡ್ಲಿಲ್ಲ.”

ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗುವ 9 ಮಿ.ಮೀ. 1ಎ ಪಿಸ್ತೂಲು ಬ್ರೌನಿಂಗ್ ಮಾದರಿಯದು. ಸುಮಾರು 900 ಗ್ರಾಂ ತೂಕ. ಅದರ ಮ್ಯಾಗಜಿನ್ನಿನಲ್ಲಿ 13 ಗುಂಡುಗಳು. ಅದು ಆಕಸ್ಮಿಕವಾಗಿ ಹಾರದಂತೆ ತಡೆಯುವ ಸಣ್ಣ ಕೀಲು ಎಡಪಾರ್ಶ್ವದಲ್ಲಿದೆ, ಅಂದರೆ ಬಲಗೈಯಲ್ಲಿ ಹಿಡಿದವನ ಹೆಬ್ಬೆರಳ ಕೆಳಗೆ. ಒರೆಯೂ ಹಾಗೆಯೇ, ಬಲಸೊಂಟಕ್ಕೆ ಹೊಲಿದದ್ದು. ಅವನು ಬಲಗೈಯಲ್ಲಿ ಗುಂಡು ಹಾರಿಸಲು ಕಲಿತ. ಗುರಿಯೂ ತಕ್ಕಮಟ್ಟಿಗೆ ಕೂಡಿತು. ಒಂದು ರಾತ್ರಿ ಶೋಧಕ್ಕೆ ಹೊರಟಾಗ ಇಳಿಜಾರಿನಲ್ಲಿ ಜಾರಿ ಬಿದ್ದ. ಬಲಗೈ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಎಡಗೈಯೇನೋ ಬಿಡುವಾಗಿತ್ತು, ಆದರೆ ಬಲಸೊಂಟದ ಒರೆಯ ಗುಂಡಿಯನ್ನು ಅದರಿಂದ ಬಿಚ್ಚಲಾಗಲಿಲ್ಲ. ಜೊತೆಯವರು ಬಂದು ಬಿಡಿಸುವವರೆಗೆ, ಸುಮಾರು ಹತ್ತು ನಿಮಿಷ, ಕತ್ತಲೆಯಲ್ಲಿ ಹಾಗೆಯೇ ಬಿದ್ದಿದ್ದ. ಆ ರಾತ್ರಿ ಯಾರೂ ಎದುರಾಗಲಿಲ್ಲ. ಇಷ್ಟನ್ನು ಹೇಳಿ ಅವನು ಸುಮ್ಮನಾದ. ನಾನೂ ಮುಂದೆ ಕೇಳಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಕಾಫಿ ತಂದಳು.

ಮಾರನೆಯ ವಾರವೇ ಕಂಟೋನ್ಮೆಂಟ್ ಬಜಾರಿನ ಮೋಚಿಯ ಬಳಿ ಕುಳಿತು, ಕನ್ನಡಿಯಲ್ಲಿ ಕಂಡಂತೆ ಎಡಕ್ಕೆ ತಿರುಗಿಸಿದ ಒರೆಯೊಂದನ್ನು ಹೊಲಿಸಿಕೊಂಡ. ಪರೇಡಿನಲ್ಲಿ ಎಲ್ಲರಂತೆ ಬಲಕ್ಕೆ, ಕಾರ್ಯಾಚರಣೆಯಲ್ಲಿ ನಿನ್ನಿಷ್ಟ ಎಂದು ಮೇಲಧಿಕಾರಿ ಒಪ್ಪಿದರಂತೆ. ಆ ಅಧಿಕಾರಿಯನ್ನು ನಾನು ಕಂಡಿಲ್ಲ, ಆದರೆ ಅವರ ಬಗ್ಗೆ ನನಗೆ ಗೌರವವಿದೆ.

ಇದನ್ನು ಕೇಳಿದಾಗ ನನಗೆ ಸ್ಯಾಮ್ ಬ್ರೌನ್ ನೆನಪಾದ. ಪೊಲೀಸ್ ಪರೇಡಿನಲ್ಲಿ ಅಧಿಕಾರಿಗಳ ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಇಳಿಯುವ ಚರ್ಮದ ಪಟ್ಟಿಯನ್ನು ನೀವು ನೋಡಿರುತ್ತೀರಿ. ಅದಕ್ಕೆ ಅವನದೇ ಹೆಸರು. ಬ್ರಿಟಿಷ್ ಅಧಿಕಾರಿಯಾಗಿದ್ದ ಅವನು 1858ರಲ್ಲಿ ಪೀಲಿಭೀತ್ ಬಳಿಯ ಕಾಳಗದಲ್ಲಿ ಎಡಗೈಯನ್ನು ಕಳೆದುಕೊಂಡ. ಕತ್ತಿಯನ್ನು ಹಿರಿಯಬೇಕಾದರೆ ಎಡಗೈ ಒರೆಯನ್ನು ಅಲುಗಾಡದಂತೆ ಹಿಡಿಯಬೇಕು. ಅವನಿಗೆ ಆ ಕೈಯೇ ಇಲ್ಲ. ಆದುದರಿಂದ ಕತ್ತಿಯ ಒರೆ ಬಿಗಿಯಾಗಿ ನಿಲ್ಲುವಂತೆ, ಭಾರವನ್ನು ಹೆಗಲೂ ಹೊರುವಂತೆ ಈ ಪಟ್ಟಿಯನ್ನು ರೂಪಿಸಿದ. ಒಂಟಿಗೈಯವನು ತನಗೆಂದು ಮಾಡಿಕೊಂಡದ್ದನ್ನು ಎರಡು ಕೈ ಇದ್ದವರೆಲ್ಲ ಧರಿಸಿದರು! ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇಂಥದನ್ನು ಹೇಳಿದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು.

ಒರೆಯನ್ನು ಆರಿಸುವುದು ಹೇಗೆ ಎಂದು ಅವನನ್ನು ವಿಚಾರಿಸಿದೆ. ಸಿನಿಮಾದ ಕೌಬಾಯ್‌ಗಳಂತೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಪಿಸ್ತೂಲು ಸೆಳೆಯುವುದೇ ಅದರ ಗುಣವೆಂದು ನಾನು ಭಾವಿಸಿದ್ದೆ. ಸೈನಿಕನಿಗೆ ಅದು ಎರಡನೆಯ ಮಾತು. ಅವನು ತೆವಳಬೇಕು, ಹೊಳೆ ದಾಟಬೇಕು, ಲಾರಿಯಿಂದ ಧುಮುಕಬೇಕು. ಇಷ್ಟೆಲ್ಲ ಆದ ಮೇಲೂ ಪಿಸ್ತೂಲು ಅಲ್ಲಿಯೇ ಇರಬೇಕು. ಕಳೆದುಹೋದರೆ ವಿಚಾರಣೆ ತಪ್ಪಿದ್ದಲ್ಲ. ಆದುದರಿಂದಲೇ ಹಳೆಯ ಸೈನಿಕ ಒರೆಗಳಿಗೆ ದೊಡ್ಡ ಮುಚ್ಚಳ, ಪಿಸ್ತೂಲಿನ ಹಿಡಿಗೆ ಒಂದು ಹುರಿ. ಗುಂಡು ತುಂಬದ ಪಿಸ್ತೂಲನ್ನಿಟ್ಟು ಓಡಿ, ಉರುಳಿ, ಮೆಟ್ಟಿಲು ಹತ್ತಿ ನೋಡಬೇಕಂತೆ. ಒರೆ ಕುದುರೆಯನ್ನು ಪೂರ್ತಿ ಮುಚ್ಚಿರಬೇಕು. ಬಟ್ಟೆಯ ಅಂಚಾಗಲಿ ಬೆರಳಾಗಲಿ ಅದಕ್ಕೆ ತಾಕಕೂಡದು. ಒಂದೇ ಕೈಯಿಂದ, ನೋಡದೆ, ತೆಗೆದು ಮತ್ತೆ ಇಡಲು ಬರಬೇಕು. ತೆಗೆಯುವುದಕ್ಕಿಂತ ಇಡುವಾಗಲೇ ಹೆಚ್ಚು ಎಚ್ಚರ ಬೇಕು ಎಂದು ಒತ್ತಿ ಹೇಳಿದ.

ಚರ್ಮದ ಒರೆ ನೋಡಲು ಅಂದ, ಆದರೆ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಪಿಸ್ತೂಲನ್ನು ಬಹುಕಾಲ ಅದರೊಳಗೆ ಬಿಟ್ಟರೆ ತುಕ್ಕು ಖಂಡಿತ. ನಮ್ಮ ಕೊಡಗಿನ ಮಳೆಗಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟ್ಯಾಂಕಿನ ಇಕ್ಕಟ್ಟಿನಲ್ಲಿ ಕುಳಿತವನಿಗೆ ಸೊಂಟಕ್ಕಿಂತ ಎದೆಯ ಬಳಿಯ ಒರೆ ಅನುಕೂಲ. ಗುಂಡುನಿರೋಧಕ ಕವಚ ಸೊಂಟವನ್ನು ಮುಚ್ಚಿದರೆ ತೊಡೆಗೆ ಇಳಿಸುತ್ತಾರೆ, ಆದರೆ ಓಡುವಾಗ ಅದು ಬಡಿದು ಕಾಲು ದಣಿಯುತ್ತದೆ. ಅಮೆರಿಕದ ಸೈನ್ಯ 1985ರಲ್ಲಿ ಬೆರೆಟ್ಟಾ ಪಿಸ್ತೂಲನ್ನು ಒಪ್ಪಿಕೊಂಡಾಗ ಅದರ ಜೊತೆಗೆ ಬಂದ ಒರೆಯನ್ನು ಎಡಕ್ಕೂ ಬಲಕ್ಕೂ ಬದಲಿಸಿಕೊಳ್ಳಬಹುದಾಗಿತ್ತು. 2017ರಲ್ಲಿ ಅವರು ಆರಿಸಿದ ಸಿಗ್ ಪಿಸ್ತೂಲಿನ ತಡೆಗೀಲು ಎರಡೂ ಪಾರ್ಶ್ವಗಳಲ್ಲಿದೆ. ಎಡಚರೂ ಸೈನಿಕರೇ ಎಂಬುದು ಒಪ್ಪಿತವಾಗಲು ಎಷ್ಟೊಂದು ಕಾಲ!

ನಮ್ಮಲ್ಲಿ ಕೊಡವರು ಪೀಚೆಕತ್ತಿಯನ್ನು ಮುಂದೆ ಚೇಲೆಗೆ ಸಿಕ್ಕಿಸುತ್ತಾರೆ, ಒಡಿಕತ್ತಿಯನ್ನು ಬೆನ್ನ ಹಿಂದೆ ತೋಡಂಗಿನ ಹಿತ್ತಾಳೆ ಹಿಡಿತದಲ್ಲಿ ನಿಲ್ಲಿಸುತ್ತಾರೆ. ಪ್ರತಿಯೊಂದಕ್ಕೂ ಒಂದು ಜಾಗ ಗೊತ್ತು. ಪಿಸ್ತೂಲಿನ ಜಾಗವನ್ನೂ ದಿನಕ್ಕೊಂದು ಕಡೆ ಬದಲಿಸಬಾರದು, ಗಾಬರಿಯಲ್ಲಿ ಕೈ ಹಳೆಯ ಜಾಗವನ್ನೇ ಹುಡುಕುತ್ತದೆ ಎಂದು ಅವನು ಹೇಳಿದ್ದ. ಪರೇಡಿಗೊಂದು, ಕಾರ್ಯಾಚರಣೆಗೊಂದು ಎಂಬ ಏರ್ಪಾಡು ಅವನಿಗೂ ಅಷ್ಟು ಸಮಾಧಾನ ತಂದಿರಲಿಲ್ಲ.

ಅವನೀಗ ನಿವೃತ್ತ. ಪಿಸ್ತೂಲು ಸರಕಾರದ್ದು, ಹಿಂದಿರುಗಿಸಿದ. ಒರೆ ಸ್ವಂತ ದುಡ್ಡಿನದು, ಮನೆಗೆ ತಂದ. ಕಳೆದ ವರ್ಷ ಅವನ ತೋಟಕ್ಕೆ ಹೋಗಿದ್ದಾಗ ನೋಡಿದೆ: ಕಾಫಿ ಗಿಡಗಳ ರೆಂಬೆ ಸವರುವ ಕತ್ತರಿ ಅದರೊಳಗಿತ್ತು. ಮುಚ್ಚಳ ಅಡ್ಡ ಬರುತ್ತದೆಂದು ಅರ್ಧಕ್ಕೆ ಕತ್ತರಿಸಿದ್ದಾನೆ.