ಚಾದರ ಹೋಯಿತಲ್ಲ!

ಬಟ್ಟೆ ಮಡಿಸುತ್ತಿದ್ದ ಹೆಂಗಸರ ಕಣ್ಣೆದುರೇ ಸುಂದರಿಯೊಬ್ಬಳು ಚಾದರಗಳ ಸಮೇತ ಆಕಾಶಕ್ಕೇರಿ ಮಾಯವಾಗುತ್ತಾಳೆ. ಮನೆಯಾಕೆ ಫರ್ನಾಂಡಾಳ ಚಿಂತೆ ಏನು ಗೊತ್ತೆ? ದೇವರು ಚಾದರಗಳನ್ನಾದರೂ ಹಿಂದಿರುಗಿಸಲಿ ಎಂಬುದು! ಕೊಲಂಬಿಯಾದ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ 1967ರಲ್ಲಿ ಪ್ರಕಟಿಸಿದ 'ನೂರು ವರ್ಷಗಳ ಏಕಾಂತ' ಕಾದಂಬರಿಯ ಪ್ರಸಂಗವಿದು.

ಮಗನ ಕೈಯಲ್ಲಿ ಈ ಪುಸ್ತಕ ಕಂಡ ತಂದೆತಾಯಿ 'ಮತ್ತೊಂದು ಮಾಯಾಜಾಲದ ಕಥೆ' ಎಂದುಕೊಂಡಾರು. ಫ್ಯಾಂಟಸಿಯ ದಾರಿಯೇ ಬೇರೆ. ಟೋಲ್ಕಿನ್ ತಮ್ಮ 'ಲಾರ್ಡ್ ಆಫ್ ದಿ ರಿಂಗ್ಸ್'ಗೆ ಭಾಷೆ, ನಕಾಶೆಗಳ ಸಮೇತ ಬೇರೊಂದು ಲೋಕವನ್ನೇ ಕಟ್ಟಿದರು. ಮಾರ್ಕ್ವೆಜ್ ಸೃಷ್ಟಿಸಿದ ಮಕೊಂಡೊ ಊರಿನಲ್ಲಾದರೋ ರೈಲು, ಚುನಾವಣೆ, ಬಾಳೆಹಣ್ಣಿನ ಕಂಪೆನಿ ಎಲ್ಲ ಉಂಟು. ಅಲ್ಲಿಯ ಜನ ಬೆರಗಾಗುವುದು ಮಂಜುಗಡ್ಡೆ ಕಂಡು! ಎಂಥ ಅಸಂಭವವನ್ನೂ ಮುಖದ ಗೆರೆ ಕದಲದಂತೆ ಹೇಳುತ್ತಿದ್ದ ತಮ್ಮ ಅಜ್ಜಿಯ ಧಾಟಿಯನ್ನೇ ಮಾರ್ಕ್ವೆಜ್ ಹಿಡಿದರು. ಮಾಂತ್ರಿಕ ವಾಸ್ತವತೆಯ ಗುಟ್ಟು ಬಹುಮಟ್ಟಿಗೆ ಈ ಧಾಟಿಯಲ್ಲಿದೆ.

ಇನ್ನು ವಾಸ್ತವದ ಮಾತು. 1928ರಲ್ಲಿ ಸಿಯೆನಾಗಾ ಎಂಬಲ್ಲಿ ಮುಷ್ಕರ ಹೂಡಿದ್ದ ಬಾಳೆತೋಟದ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದರು. ಸತ್ತವರೆಷ್ಟೆಂಬ ಲೆಕ್ಕ ಇಂದಿಗೂ ಬಗೆಹರಿದಿಲ್ಲ. ಕಾದಂಬರಿಯಲ್ಲಿ ಹೆಣಗಳನ್ನು ರೈಲಿಗೆ ತುಂಬಿ ಸಮುದ್ರದತ್ತ ಒಯ್ಯುತ್ತಾರೆ. ಆ ಹೆಣಗಳ ರಾಶಿಯಿಂದ ಎದ್ದು ಬಂದ ಹೊಸೆ ಆರ್ಕಾದಿಯೊ ಸೆಗುಂದೊ, ಸತ್ತವರು 3,000ಕ್ಕೂ ಹೆಚ್ಚು ಎಂದು ಹೇಳುತ್ತಲೇ ಇರುತ್ತಾನೆ. ಹುಡುಗಿ ಹಾರಿಹೋದದ್ದನ್ನು ನಂಬಿ ಮೇಣದ ಬತ್ತಿ ಹಚ್ಚಿದ ಊರು, ಇಲ್ಲೇನೂ ನಡೆದೇ ಇಲ್ಲ ಎನ್ನುತ್ತದೆ. ಹೊರಗೆ ಮಳೆ ಹಿಡಿಯುತ್ತದೆ: 4 ವರ್ಷ, 11 ತಿಂಗಳು, 2 ದಿನ.